ಹಸಿ ಕಾಯಿಯ ಕತೆ ಹೇಳಬೇಕಿತ್ತು

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವರು) ಆಗಿರುವ ಓದುಗರೊಬ್ಬರ ಪತ್ರ: ‘ಚಿಕ್ಕಮಗಳೂರಿನಲ್ಲಿ ಸೂಪರ್‌ವೈಸರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಕೈಕೆಳಗಿನವರನ್ನು ಹೇಗೆ ಹುರಿದುಂಬಿಸ್ತೀರಿ, ಯಾರಿಗಾದರೂ ಕೆಲಸ ಕಲಿಸಿದ್ದೀರಾ ಅಂತ ಕೇಳಿದರು. ಎಲ್ಲರನ್ನೂ ಪ್ರೀತಿಯಿಂದ ನೋಡಿಕೊಳ್ತೀನಿ ಅಂದೆ. ಕೆಲಸ ಸಿಗಲಿಲ್ಲ. ಹೊಸ ಹುಡುಗಿಗೆ ಹಣ್ಣು ಕೀಳೋದು ಹೇಳಿಕೊಟ್ಟಿದ್ದೆ. ಸಣ್ಣ ವಿಷಯ ಅಂತ ಹೇಳಲಿಲ್ಲ.’

ಅದನ್ನೇ ಹೇಳಬೇಕಿತ್ತು ಮಾರಾಯ್ರೇ!

ನೀವೇ ಪತ್ರದ ಹಿಂಬದಿಯಲ್ಲಿ ಬರೆದಿದ್ದೀರಿ. ಅವಳ ಚೀಲ ಎಲ್ಲರಿಗಿಂತ ಭಾರ, ಆದರೆ ಅರ್ಧ ಹಸಿ ಕಾಯಿ. ಮೇಸ್ತ್ರಿ ಎರಡು ದಿನ ಬೈದರು, ಏನೂ ಆಗಲಿಲ್ಲ. ಮೂರನೇ ದಿನ ನೀವು ಅವಳ ಸಾಲಿನಲ್ಲೇ ನಿಂತು ಕೀಳುತ್ತಾ ಕೇಳಿದಿರಿ. ‘ಕೆಜಿ ಲೆಕ್ಕದ ದುಡ್ಡು ಅಲ್ವಾ? ಹಸಿಯಾದರೂ ತೂಕ ತೂಕವೇ’ ಅಂದಳು. ಅವಳದು ಸೋಮಾರಿತನವಲ್ಲ, ಲೆಕ್ಕಾಚಾರ! ಸಂಜೆ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್ ಹತ್ತಿರ ಕರೆದುಕೊಂಡು ಹೋಗಿ, ಹಣ್ಣು ಸಿಪ್ಪೆ ಬಿಡುವುದನ್ನೂ ಹಸಿ ಕಾಯಿ ಹಾಗೇ ಜಾರಿ ಬರುವುದನ್ನೂ ತೋರಿಸಿದಿರಿ. ಹಣ್ಣಷ್ಟೇ ಇರುವ ಚೀಲಕ್ಕೆ ಕೆಜಿಗೆ ಸ್ವಲ್ಪ ಜಾಸ್ತಿ ಕೊಡಿ ಅಂತ ಸಾಹುಕಾರರನ್ನು ಒಪ್ಪಿಸಿದಿರಿ. ವಾರದಲ್ಲಿ ಹಸಿ ಕಾಯಿ ಒಂದು ಹಿಡಿಗೆ ಇಳಿಯಿತು.

ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿದೆ? ಪತ್ರಿಕೆಗೆ ಹುಡುಗರನ್ನು ತೆಗೆದುಕೊಳ್ಳುವಾಗ ನಾನೂ ಆ ಕಡೆಯ ಕುರ್ಚಿಯಲ್ಲಿ ಕೂತಿದ್ದೇನೆ. ಐದನೆಯವರೂ ‘ಟೀಮ್ ಸ್ಪಿರಿಟ್’ ಅಂದಾಗ ಕಾಫಿ ಎಲ್ಲಿ ಬಂತು ಅಂತ ಬಾಗಿಲು ನೋಡುತ್ತೇನೆ. ಕೇಳುವವರಿಗೆ ಬೇಕಾದ್ದು ನಿಮ್ಮ ಗುಣದ ವರ್ಣನೆಯಲ್ಲ. ಒಬ್ಬರು ಹಿಂದೆ ಬಿದ್ದಾಗ, ಯಾಕೆ ಅಂತ ಮೊದಲು ಪತ್ತೆ ಮಾಡುತ್ತೀರಾ ಅನ್ನೋದು. ಕೆಲಸ ಗೊತ್ತಿಲ್ಲದವರಿಗೆ ಕಲಿಸಬೇಕು, ಗೊತ್ತಿದ್ದೂ ಮಾಡದವರಿಗೆ ಕಾರಣ ಕೇಳಬೇಕು. ನಿಮ್ಮ ಹುಡುಗಿಗೆ ಬೈಗುಳವೂ ಬೇಕಿರಲಿಲ್ಲ, ಭಾಷಣವೂ ಬೇಕಿರಲಿಲ್ಲ.

ಇನ್ನೊಂದು. ನಮ್ಮವರು ಸಂಕೋಚಕ್ಕೆ ‘ನಾವು ಮಾಡಿದೆವು’ ಅಂತಾರೆ. ಊಟದ ಪಂಕ್ತಿಯಲ್ಲಿ ಅದು ಚೆಂದ. ಇಂಟರ್‌ವ್ಯೂನಲ್ಲಿ ‘ನಾನು ಕೇಳಿದೆ, ನಾನು ತೋರಿಸಿದೆ’ ಅನ್ನಿ. ದರ ಹೆಚ್ಚಿಸಿದ್ದು ಸಾಹುಕಾರರು ಅನ್ನೋದನ್ನೂ ಸೇರಿಸಿ, ಇಲ್ಲದಿದ್ದರೆ ಮುಂದಿನ ಪ್ರಶ್ನೆಗೇ ಸಿಕ್ಕಿಬೀಳ್ತೀರಿ. ಆ ಪ್ರಶ್ನೆ ಬಹುಶಃ ‘ನಿಮ್ಮ ಮಾತು ಕೇಳದವರು ಇರಲಿಲ್ವಾ?’ ಅಂತ. ಹಬ್ಬಕ್ಕೆ ಊರಿಗೆ ಹೋದವನು ವಾಪಸ್ ಬರಲೇ ಇಲ್ಲ ಅಂತ ಬರೆದಿದ್ದೀರಲ್ಲ, ಅವನ ಕತೆಯನ್ನೂ ಮುಚ್ಚಿಡಬೇಡಿ.

ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ನಿಮಗೆ ಪುರುಸೊತ್ತು ಸಿಗಲ್ಲ. ಅಷ್ಟರೊಳಗೆ ಮನೆಯವರ ಮುಂದೆ 2 ನಿಮಿಷದಲ್ಲಿ ಹೇಳಿ ನೋಡಿ. ಪಲ್ಪರ್ ಬರುವ ಹೊತ್ತಿಗೆ ಅವರು ಆಕಳಿಸಿದರೆ, ಮೇಸ್ತ್ರಿ ಬೈದ ಭಾಗ ಕಮ್ಮಿ ಮಾಡಿ.