ಇಂಟರ್‌ಫೆರಾನ್ ನಡುವೆ ಪ್ಲೇಟ್‌ಲೆಟ್ ಇಷ್ಟು ಇಳಿದರೆ ಕಾಯಬೇಡಿ

ನಿಮ್ಮ ತಮ್ಮನಿಗೆ ಹೆಪಟೈಟಿಸ್ ಬಿಗೆ ಪೆಗ್ ಇಂಟರ್‌ಫೆರಾನ್ ನಡೆಯುತ್ತಿದೆ, ಪ್ಲೇಟ್‌ಲೆಟ್ 1.4 ಲಕ್ಷದಿಂದ 18,000ಕ್ಕೆ ಬಂದಿದೆ, ಕಾಲಲ್ಲಿ ಕೆಂಪು ಚುಕ್ಕಿಗಳಿವೆ, ಮುಂದಿನ ಇಂಜೆಕ್ಷನ್‌ವರೆಗೆ ಕಾಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಈ ಔಷಧಿಯಿಂದ ಪ್ಲೇಟ್‌ಲೆಟ್ ಸ್ವಲ್ಪ ಇಳಿಯುವುದು ಮಾಮೂಲು. ಮೂಳೆ ಮಜ್ಜೆಯ ಕೆಲಸ ನಿಧಾನವಾಗುತ್ತದೆ, ಅಷ್ಟೇ. ಸಾಮಾನ್ಯವಾಗಿ 50,000ಕ್ಕಿಂತ ಕಡಿಮೆಯಾದರೆ ಡೋಸ್ ಇಳಿಸುತ್ತಾರೆ, 25,000ಕ್ಕಿಂತ ಕಡಿಮೆಯಾದರೆ ನಿಲ್ಲಿಸುತ್ತಾರೆ. ಆದರೆ ಇಷ್ಟೊಂದು ಕುಸಿದಾಗ ಐಟಿಪಿ, ಅಂದರೆ ರೋಗನಿರೋಧಕ ಶಕ್ತಿಯೇ ಪ್ಲೇಟ್‌ಲೆಟ್ ನಾಶಮಾಡುವ ಕಾಯಿಲೆ, ಇದೆಯಾ ಅಂತ ನೋಡಲೇಬೇಕು. ಇಂಟರ್‌ಫೆರಾನ್ ನಮ್ಮ ರೋಗನಿರೋಧಕ ಶಕ್ತಿಯನ್ನು ಕೆರಳಿಸಿ ವೈರಸ್ ಮೇಲೆ ಬಿಡುತ್ತದೆ ಅಲ್ವಾ, ಅಪರೂಪಕ್ಕೆ ಅದು ನಮ್ಮದೇ ಪ್ಲೇಟ್‌ಲೆಟ್ ಮೇಲೆ ತಿರುಗಿಬೀಳುತ್ತದೆ. ಕೆಲವರಲ್ಲಿ ಕೆಂಪು ರಕ್ತಕಣಗಳ ಮೇಲೂ. ಹಾಗಾದರೆ ಹಿಮೋಗ್ಲೋಬಿನ್ ಇಳಿಯುತ್ತದೆ, ಮೂತ್ರ ಕಡುಬಣ್ಣಕ್ಕೆ ತಿರುಗಬಹುದು. ಅದನ್ನು ಪತ್ತೆಹಚ್ಚಲು ಕೂಂಬ್ಸ್ ಟೆಸ್ಟ್ ಇದೆ, ಕೇಳಿ ನೋಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಐಟಿಪಿಗೆ ಮೊದಲು ಕೊಡುವುದು ಹೆಚ್ಚಾಗಿ ಸ್ಟೆರಾಯ್ಡ್. ಹೆಪಟೈಟಿಸ್ ಬಿ ಇರುವವರಲ್ಲಿ ಸ್ಟೆರಾಯ್ಡ್‌ನಿಂದ ವೈರಸ್ ಮತ್ತೆ ಜೋರಾಗಬಹುದು. ಅದಕ್ಕೇ ಜೊತೆಗೆ ಎಂಟೆಕಾವಿರ್ ಅಥವಾ ಟೆನೊಫೊವಿರ್‌ನಂಥ ವೈರಸ್ ಹತ್ತಿಕ್ಕುವ ಮಾತ್ರೆ ಬೇಕಾಗುತ್ತದೆ. ರಕ್ತದ ಡಾಕ್ಟರ್ ಮತ್ತು ಲಿವರ್ ಡಾಕ್ಟರ್ ಪರಸ್ಪರ ಮಾತಾಡಲಿ ಅಂತ ನೀವೇ ಪಟ್ಟು ಹಿಡಿಯಿರಿ. ಸುಮ್ನೆ ಮುಜುಗರ ಬೇಡ.

ಅಲ್ಲಿಯವರೆಗೆ ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡಿ. ಜೋರು ತಲೆನೋವು, ಕಪ್ಪು ಮಲ, ನಿಲ್ಲದ ರಕ್ತ ಕಂಡರೆ ನೇರ ಎಮರ್ಜೆನ್ಸಿಗೆ ಹೋಗಿ. ಹಳೆಯ ಬ್ಲಡ್ ರಿಪೋರ್ಟ್‌ಗಳನ್ನೆಲ್ಲ ತಗೊಂಡು ಹೋಗಿ, ಯಾವಾಗಿಂದ ಇಳಿಯಿತು ಅಂತ ಅವರಿಗೆ ತಿಳಿಯಬೇಕು.