ಪಲ್ಲವಿ ಒಂದು ಹೇಳುತ್ತದೆ, ಚರಣ ಇನ್ನೊಂದು

ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯು.ಎಸ್.ಎ.’ ಹಾಡು ಕೇಳಿದರೆ ದೇಶಭಕ್ತಿ ಗೀತೆಯ ಹಾಗಿದೆ, ಮತ್ತೆ ಇದನ್ನು ಯುದ್ಧದ ನೋವಿನ ಹಾಡು ಅಂತ ಯಾಕೆ ಹೇಳುತ್ತಾರೆ ಅಂತ ಕೇಳಿದ್ದೀರಿ. ‘ಅಮೆರಿಕದಲ್ಲಿ ಹುಟ್ಟಿದವನು’ ಅನ್ನುವ ಪಲ್ಲವಿ ಬಿಟ್ಟು ಚರಣಗಳನ್ನಷ್ಟೇ ಒಮ್ಮೆ ಕೇಳಿ. ಸಣ್ಣ ಊರಿನ ಹುಡುಗ. ಯಾವುದೋ ತಕರಾರಿಗೆ ಸಿಕ್ಕಿಕೊಂಡ, ಕೈಗೆ ಬಂದೂಕು ಕೊಟ್ಟು ವಿಯೆಟ್ನಾಮಿಗೆ ಕಳಿಸಿದರು. ವಾಪಸ್ ಬಂದರೆ ರಿಫೈನರಿಯಲ್ಲಿ ಕೆಲಸ ಇಲ್ಲ. ಒಡಹುಟ್ಟಿದವನು ವಿಯೆಟ್ನಾಮಿನ ಯುದ್ಧಭೂಮಿ ಖೆ ಸಾನ್‌ನಲ್ಲಿ ಹೋರಾಡಿದ್ದ. ಶತ್ರುಗಳು ಇನ್ನೂ ಅಲ್ಲೇ ಇದ್ದಾರೆ, ಅವನು ಮಾತ್ರ ಇಲ್ಲ. ಇಷ್ಟು ಹೇಳಿ ಸ್ಪ್ರಿಂಗ್‌ಸ್ಟೀನ್ ಸುಮ್ಮನಾಗುತ್ತಾರೆ, ಬರೀ ವಾದ್ಯ ಕೇಳುತ್ತದೆ. ನನಗೆ ಇಡೀ ಹಾಡಿನಲ್ಲಿ ಜಾಸ್ತಿ ತಟ್ಟುವುದು ಆ ಖಾಲಿ ಜಾಗವೇ.

ಇದು ಸುಮ್ನೆ ಕಲ್ಪನೆಯಲ್ಲ. ಅವರ ಹುಡುಗಾಟದ ದಿನಗಳ ಬ್ಯಾಂಡಿನ ಡ್ರಮ್ಮರ್ 1967ರಲ್ಲಿ ಅದೇ ಯುದ್ಧದಲ್ಲಿ ತೀರಿಕೊಂಡಿದ್ದ.

ಮೊದಲು, 1982ರಲ್ಲಿ, ಅವರು ಇದನ್ನು ಮನೆಯಲ್ಲಿ ಒಬ್ಬರೇ ಗಿಟಾರ್ ಹಿಡಿದು ಹಾಡಿ ರೆಕಾರ್ಡ್ ಮಾಡಿದ್ದರು. ಆ ರೂಪ 1998ರ ‘ಟ್ರ್ಯಾಕ್ಸ್’ ಸಂಗ್ರಹದಲ್ಲಿದೆ, ದಯವಿಟ್ಟು ಕೇಳಿ. ಅದರಲ್ಲಿ ಜಯಘೋಷವೇ ಇಲ್ಲ. 1984ರಲ್ಲಿ ಬಂದ ಆಲ್ಬಮ್‌ನಲ್ಲಿ ಜೋರು ಡ್ರಮ್, ಸಿಂಥಸೈಜರ್ ಸೇರಿದವು. ಜನ ಪಲ್ಲವಿಯನ್ನೇ ಹಿಡಿದುಕೊಂಡರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಗಿನ ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಚುನಾವಣಾ ಸಭೆಯಲ್ಲಿ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆ ಇದೆ ಅಂತ ಹೊಗಳಿದರು. ಸ್ಪ್ರಿಂಗ್‌ಸ್ಟೀನ್‌ಗೆ ಅದು ಹಿಡಿಸಲಿಲ್ಲ.

ಹಾಗಂತ ಪಲ್ಲವಿ ಸುಳ್ಳು ಅಂತಲ್ಲ. ‘ನಾನೂ ಇಲ್ಲೇ ಹುಟ್ಟಿದವನು ಅಲ್ವಾ, ನನ್ನನ್ನು ಯಾಕೆ ಕೈಬಿಟ್ಟಿರಿ’ ಅನ್ನುವ ಕೂಗು ಅದು. ನನ್ನ ಕಿವಿಗೆ ಅದರಲ್ಲಿ ಅಭಿಮಾನ, ಸಿಟ್ಟು ಎರಡೂ ಕೇಳುತ್ತವೆ.