ದಿನಾ ನೀರು ಹಾಕಿದರೂ ಮನೆಯೊಳಗಿನ ಕುಂಡದ ತುಳಸಿ ಹಳದಿಯಾಗುವುದೇಕೆ?

ಹೆಚ್ಚಾಗಿ ನೀರು ಜಾಸ್ತಿಯಾಗುವುದೇ ಕಾರಣ. ಬೇರೂ ಉಸಿರಾಡುತ್ತದೆ. ಅದಕ್ಕೆ ಬೇಕಾದ ಗಾಳಿ ಇರುವುದು ಮಣ್ಣಿನ ಕಣಗಳ ಸಂದಿನಲ್ಲಿ. ಅಲ್ಲಿ ಸದಾ ನೀರೇ ತುಂಬಿದ್ದರೆ ಬೇರು ಕೊಳೆಯುತ್ತದೆ, ನೀರು ಹೀರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಹಾಗಾಗಿ ಒದ್ದೆ ಮಣ್ಣಿನಲ್ಲೂ ಗಿಡ ಬಾಡುತ್ತದೆ. ಅದನ್ನು ನೋಡಿ ನಾವು ಇನ್ನೊಂದು ಚೊಂಬು ಸುರಿಯುತ್ತೇವೆ, ಅಲ್ವಾ?

ಅಂಗಳದ ಬಿಸಿಲು, ಗಾಳಿಗೆ ಮಣ್ಣು ಬೇಗ ಒಣಗುತ್ತದೆ. ಮನೆಯೊಳಗೆ ಹಾಗಲ್ಲ. ಅದಕ್ಕೇ ದಿನದ ಲೆಕ್ಕ ಬಿಡಿ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ. ತೇವ ಸಿಕ್ಕಿದರೆ ಸುಮ್ನೆ ಬಿಡಿ. ಒಣಗಿದ್ದರೆ ತಳದ ತೂತಿನಿಂದ ಇಳಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಕುಂಡ ಮಾತ್ರ ಚೆನ್ನಾಗಿ ಬಿಸಿಲು ಬೀಳುವ ಕಿಟಕಿಯಲ್ಲೇ ಇರಲಿ.